ಕನಸಿನಲ್ಲಿ ಅರಿವು: ಹೊಣೆ ಯಾರದು?



ಮನುಷ್ಯನ ಆಯುಷ್ಯದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ನಿದ್ರೆಗೆ ಸಲ್ಲುತ್ತದೆ. 60 ವರುಷ ಬಾಳಿದವನು ಸುಮಾರು 20 ವರುಷ ಮಲಗಿಯೇ ಕಳೆದಿರುತ್ತಾನೆ. ಹೊಲದ ಲೆಕ್ಕ, ಅಂಗಡಿಯ ಲೆಕ್ಕ, ಸೊಸೈಟಿಯ ಸಾಲದ ಲೆಕ್ಕ ಇಡುವ ನಾವು ಈ 20 ವರುಷದ ಲೆಕ್ಕವನ್ನು ಇಡುವುದಿಲ್ಲ. ರಾತ್ರಿ ಕಂಡದ್ದನ್ನು ಬೆಳಗಿನ ಚಹಾ ಮುಗಿಯುವುದರೊಳಗೆ ಮರೆತುಬಿಡುತ್ತೇವೆ. ಆದರೆ ಕನಸಿನಲ್ಲಿಯೂ ಓಡುವವರು, ಅಳುವವರು, ಬಯ್ಯುವವರು, ಕದಿಯುವವರು ನಾವೇ ಅಲ್ಲವೇ? ಹಾಗಾದರೆ ಕನಸಿನಲ್ಲಿ ಮಾಡಿದ್ದಕ್ಕೆ ಹೊಣೆ ಯಾರು?

ಇದು ಹಳೆಯ ಪ್ರಶ್ನೆ. ಇದಕ್ಕೆ ಸಾಮಾನ್ಯವಾಗಿ ನಾವು ಕೊಡುವ ಉತ್ತರವೂ ಹಳೆಯದೇ: ನಿದ್ರೆಯಲ್ಲಿ ನಮಗೆ ಎಚ್ಚರವಿರಲಿಲ್ಲ, ಆದ್ದರಿಂದ ಹೊಣೆಯೂ ಇಲ್ಲ. ಬಹುಪಾಲು ಕನಸುಗಳಿಗೆ ಈ ಉತ್ತರ ಸಾಕು. ಆದರೆ ಈ ಉತ್ತರಕ್ಕೆ ಸಿಕ್ಕದ ಒಂದು ಬಗೆಯ ಕನಸು ಉಂಟು. ಮನುಷ್ಯ ಕನಸು ಕಾಣುತ್ತಿರುವಾಗಲೇ, ನಿದ್ರೆ ಒಡೆಯದೆ, "ಇದು ಕನಸು" ಎಂದು ಅವನಿಗೆ ತಿಳಿಯುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ ಆ ಕನಸನ್ನು ತಮಗೆ ಬೇಕಾದತ್ತ ತಿರುಗಿಸಿಕೊಳ್ಳುತ್ತಾರೆ. ಇಂಗ್ಲಿಷಿನವರು ಇದನ್ನು ಲುಸಿಡ್ ಡ್ರೀಮ್ ಎನ್ನುತ್ತಾರೆ. ನಾವು ಅರಿವಿನ ಕನಸು ಎಂದು ಕರೆಯೋಣ.

ಇದು ಯಾವುದೋ ಗುಹೆಯಲ್ಲಿ ಕುಳಿತ ಸಿದ್ಧರಿಗೆ ಮಾತ್ರ ಬರುವ ವಿದ್ಯೆಯೆಂದು ತಿಳಿಯಬಾರದು. ಬೇರೆ ಬೇರೆ ದೇಶಗಳಲ್ಲಿ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಲೆಕ್ಕದಂತೆ, ಅರ್ಧಕ್ಕಿಂತ ಹೆಚ್ಚು ಜನ ಬಾಳಿನಲ್ಲಿ ಒಮ್ಮೆಯಾದರೂ ಇಂಥ ಕನಸು ಕಂಡವರು. ಎತ್ತರದಿಂದ ಬೀಳುತ್ತಿರುವಾಗ, ಹಾವು ಅಟ್ಟಿಸಿಕೊಂಡು ಬರುತ್ತಿರುವಾಗ, "ಹೆದರಬೇಡ, ಇದು ಕನಸು" ಎಂದು ಒಳಗಿನಿಂದ ಯಾರೋ ಹೇಳಿದಂತಾಗುವುದು ನಿಮ್ಮಲ್ಲಿ ಅನೇಕರಿಗೆ ಆಗಿರಬಹುದು. ಗ್ರೀಕ್ ದೇಶದ ಅರಿಸ್ಟಾಟಲನು 2300 ವರುಷಗಳ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ಮುಂಡಗೋಡಿನಲ್ಲಿ ಬಂದು ನೆಲೆಸಿರುವ ಟಿಬೆಟಿನವರ ಪರಂಪರೆಯಲ್ಲಿ ಸ್ವಪ್ನಯೋಗವೆಂಬ ಸಾಧನೆಯೇ ಇದೆ.

ಆದರೂ ವಿಜ್ಞಾನಿಗಳು ಬಹುಕಾಲ ಇದನ್ನು ನಂಬಲಿಲ್ಲ. ನಿದ್ರೆಯಲ್ಲಿದ್ದವನು ತಾನು ಎಚ್ಚರವಿದ್ದೆನೆಂದು ಬೆಳಿಗ್ಗೆ ಹೇಳಿದರೆ ಸಾಕ್ಷಿ ಏನು? ಆ ಸಾಕ್ಷಿ ಕಣ್ಣಿನಿಂದ ಸಿಕ್ಕಿತು. ನಾವು ಕನಸು ಕಾಣುವಾಗ ಕೈಕಾಲು ಸಡಿಲಾಗಿ ಬಿದ್ದಿರುತ್ತವೆ, ಆದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಆಡುತ್ತಿರುತ್ತವೆ. ಈ ಬಗೆಯ ನಿದ್ರೆಯನ್ನು ಅಮೆರಿಕದಲ್ಲಿ 1953ರಲ್ಲಿ ಗುರುತಿಸಿದರು. 1975ರಲ್ಲಿ ಇಂಗ್ಲೆಂಡಿನಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಮಲಗುವವನೊಂದಿಗೆ ಮೊದಲೇ ಒಂದು ಕರಾರು ಮಾಡಿಕೊಂಡರು: ಕನಸೆಂದು ತಿಳಿದೊಡನೆ ಕಣ್ಣನ್ನು ಎಡಕ್ಕೂ ಬಲಕ್ಕೂ ಇಷ್ಟು ಸಲ ಹೊರಳಿಸಬೇಕು. ಮಲಗಿದವನು ಗಾಢ ನಿದ್ರೆಯಲ್ಲಿದ್ದುಕೊಂಡೇ ಆ ಸನ್ನೆಯನ್ನು ಮಾಡಿದನು, ಯಂತ್ರ ಅದನ್ನು ಕಾಗದದ ಮೇಲೆ ಬರೆಯಿತು. ಕೆಲವೇ ವರುಷಗಳಲ್ಲಿ ಅಮೆರಿಕದ ಸ್ಟೀಫನ್ ಲಬರ್ಜ್ ಅವರೂ ಇದನ್ನೇ ಸಾಧಿಸಿ ತೋರಿಸಿದರು. 2021ರಲ್ಲಿ ನಾಲ್ಕು ದೇಶಗಳ ಪ್ರಯೋಗಶಾಲೆಗಳು ಮತ್ತೂ ಮುಂದೆ ಹೋದವು. ನಿದ್ರೆಯಲ್ಲಿದ್ದವನಿಗೆ 8ರಲ್ಲಿ 6 ಕಳೆದರೆ ಎಷ್ಟು ಎಂದು ಕೇಳಿದರೆ, ಅವನು ಕಣ್ಣನ್ನು ಎರಡು ಸಲ ಹೊರಳಿಸಿ ಉತ್ತರ ಕೊಟ್ಟನು. ಎಲ್ಲ ಪ್ರಶ್ನೆಗಳಿಗೂ ಉತ್ತರ ಬಂತೆಂದಲ್ಲ. ಹೆಚ್ಚಿನವಕ್ಕೆ ಬರಲೇ ಇಲ್ಲ. ಆದರೆ ನಿದ್ರೆ ಮತ್ತು ಅರಿವು ಒಂದೇ ಮನೆಯಲ್ಲಿ ಇರಬಲ್ಲವು ಎಂಬುದಂತೂ ಸಿದ್ಧವಾಯಿತು.

ಈ ವಿಚಾರದಲ್ಲಿ ನಮ್ಮ ನೆರೆಯ ಗೋವೆಯ ಮಗನೊಬ್ಬನ ಹೆಸರು ಜಗತ್ತಿನ ಇತಿಹಾಸದಲ್ಲಿ ನಿಂತಿದೆ. ನಮ್ಮ ಭಾಗದ ಎಷ್ಟೋ ಮಂದಿ ಬೆಳಗಾವಿ, ಖಾನಾಪುರದ ಕಡೆಯಿಂದ ಚೋರ್ಲಾ ಘಟ್ಟವಿಳಿದು ಕಾಯಿಪಲ್ಲೆಯ ಗಾಡಿಗಳೊಂದಿಗೆ ಪಣಜಿ, ಮಾಪುಸಾ, ಮಡಗಾಂವ್ ಪೇಟೆಗಳಿಗೆ ಹೋಗುತ್ತಾರೆ. ವಾಸ್ಕೊದಲ್ಲಿ ತಲೆಮಾರುಗಳಿಂದ ದುಡಿಯುವ ನಮ್ಮವರೂ ಇದ್ದಾರೆ. ಪಣಜಿಗೆ ಹೋದವರು ಮಾಂಡವಿ ನದಿಯ ದಂಡೆಯಲ್ಲಿ ಒಂದು ಹಳೆಯ ಕಟ್ಟಡವನ್ನು ನೋಡಿರುತ್ತೀರಿ. ವಿಜಯಪುರದ ಆದಿಲಶಾಹನ ಅರಮನೆ ಅದು, ಬಹುಕಾಲ ಸಚಿವಾಲಯವಾಗಿತ್ತು. ಅದರ ಪಕ್ಕದಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಕೈಚಾಚಿ ನಿಂತಿದ್ದಾರೆ, ಮುಂದೆ ಹೆಂಗಸೊಬ್ಬಳು ಒರಗಿ ಬಿದ್ದಿದ್ದಾಳೆ. ನೋಡಿದವರು ಮಾಟಗಾರನ ಮೂರ್ತಿಯೋ ಏನೋ ಎಂದುಕೊಂಡು ಮುಂದೆ ಹೋಗುವುದುಂಟು. ಅವರು ಅಬ್ಬೆ ಫರಿಯಾ. ಗೋವೆಯ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತರು ಮಾಡಿದ ಆ ಪ್ರತಿಮೆ 1945ರಲ್ಲಿ ಅಲ್ಲಿ ನಿಂತಿತು.

ಫರಿಯಾ ಹುಟ್ಟಿದ್ದು 1756ರಲ್ಲಿ, ಬಾರ್ದೇಶ ತಾಲೂಕಿನ ಕಾಂದೋಳಿಯಲ್ಲಿ. 1771ರಲ್ಲಿ ತಂದೆಯೊಂದಿಗೆ ಹಡಗು ಹತ್ತಿ ಪೋರ್ತುಗಲ್ಲಿಗೆ ಹೋದರು, ರೋಮಿನಲ್ಲಿ ಓದಿ ಪಾದ್ರಿಯಾದರು. ಅವರ ಬಗ್ಗೆ ಗೋವೆಯಲ್ಲಿ ಇಂದಿಗೂ ಒಂದು ಕಥೆ ಹೇಳುತ್ತಾರೆ. ಲಿಸ್ಬನ್ನಿನಲ್ಲಿ ರಾಣಿಯ ಎದುರು ಪ್ರವಚನ ಮಾಡಲು ನಿಂತ ತರುಣ ಫರಿಯಾ ಆ ದೊಡ್ಡವರನ್ನೆಲ್ಲ ನೋಡಿ ಬಾಯಿ ಕಟ್ಟಿದಂತಾಗಿ ನಿಂತುಬಿಟ್ಟರಂತೆ. ಹತ್ತಿರದಲ್ಲಿದ್ದ ತಂದೆ ಮೆಲ್ಲನೆ ಕೊಂಕಣಿಯಲ್ಲಿ, "ಇವರೆಲ್ಲ ಬರೀ ಕಾಯಿಪಲ್ಲೆ ಮಗಾ, ಹೆಚ್ಚು" ಎಂದರಂತೆ. ಮಗನ ನಾಲಗೆ ಬಿಚ್ಚಿಕೊಂಡಿತು. ಒಂದು ಮಾತು ಮನಸ್ಸಿನ ಕಟ್ಟನ್ನು ಹೇಗೆ ಬಿಚ್ಚಬಲ್ಲದು ಎಂಬ ವಿಚಾರ ಅವರ ತಲೆಯಲ್ಲಿ ಮೊಳೆತದ್ದು ಅಲ್ಲಿಂದಲೇ ಎಂದು ಹೇಳುವವರಿದ್ದಾರೆ.

1788ರಲ್ಲಿ ಅವರು ಫ್ರಾನ್ಸಿಗೆ ಹೋದರು, ಅಲ್ಲಿಯ ಕ್ರಾಂತಿಯ ಗದ್ದಲದಲ್ಲಿಯೂ ಸೇರಿದರು. ಆ ಕಾಲದಲ್ಲಿ ಯುರೋಪಿನಲ್ಲಿ ಮೆಸ್ಮರನೆಂಬ ವೈದ್ಯನ ಮಾತು ಬಹಳ ನಡೆಯುತ್ತಿತ್ತು. ತನ್ನ ಮೈಯಿಂದ ಕಣ್ಣಿಗೆ ಕಾಣದ ಒಂದು ದ್ರವ ಹರಿದು ರೋಗಿಯೊಳಗೆ ಹೋಗುತ್ತದೆ, ಅದೇ ರೋಗವನ್ನು ಗುಣಪಡಿಸುತ್ತದೆ ಎಂದು ಅವನು ಹೇಳುತ್ತಿದ್ದ. ಫ್ರಾನ್ಸಿನ ದೊರೆ ನೇಮಿಸಿದ ಸಮಿತಿ 1784ರಲ್ಲಿ ಪರೀಕ್ಷಿಸಿ, ಅಂಥ ದ್ರವವೇ ಇಲ್ಲವೆಂದು ತೀರ್ಪು ಕೊಟ್ಟಿತ್ತು. ಆದರೂ ಜನ ಮೆಸ್ಮರನ ಶಿಷ್ಯರ ಮುಂದೆ ಕುಳಿತು ನಿದ್ರೆ ಹೋಗುತ್ತಲೇ ಇದ್ದರು. 1813ರಿಂದ ಫರಿಯಾ ಪ್ಯಾರಿಸಿನಲ್ಲಿ ಈ ನಿದ್ರೆಯ ಬಗ್ಗೆ ಪ್ರಯೋಗಸಹಿತ ಉಪನ್ಯಾಸ ಮಾಡತೊಡಗಿದರು. ಎದುರಿಗೆ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಮನಸ್ಸನ್ನು ನಿದ್ರೆಯ ಮೇಲೆ ನಿಲ್ಲಿಸಲು ಹೇಳಿ, ಗಟ್ಟಿ ದನಿಯಲ್ಲಿ "ಮಲಗು" ಎನ್ನುತ್ತಿದ್ದರು. ಕೆಲವರು ಮಲಗುತ್ತಿದ್ದರು, ಮಲಗಿದ್ದೂ ಮಾತಿಗೆ ಉತ್ತರ ಕೊಡುತ್ತಿದ್ದರು. ಇದಕ್ಕೆ ಫರಿಯಾ ಇಟ್ಟ ಹೆಸರು ತಿಳಿನಿದ್ರೆ. 1819ರಲ್ಲಿ ಅವರ ಗ್ರಂಥ ಹೊರಬಂದದ್ದು ಆ ತಿಳಿನಿದ್ರೆಯ ಕಾರಣದ ಮೇಲೆಯೇ. ಅದೇ ವರುಷ ಸೆಪ್ಟೆಂಬರ್ 20ರಂದು ಅವರು ತೀರಿಕೊಂಡರು.

ಫರಿಯಾರ ತಿಳಿನಿದ್ರೆಯೂ ನಾವು ಹೇಳುತ್ತಿರುವ ಅರಿವಿನ ಕನಸೂ ಒಂದೇ ಅಲ್ಲ. ಮೊದಲನೆಯದು ಇನ್ನೊಬ್ಬರ ಮಾತಿನಿಂದ ಹಗಲು ಬರುವ ಸ್ಥಿತಿ, ಎರಡನೆಯದು ರಾತ್ರಿಯ ಸಹಜ ನಿದ್ರೆಯಲ್ಲಿ ತಾನಾಗಿ ಬರುವುದು. ಅವರು ಹೇಳಿದ್ದೆಲ್ಲವೂ ಇಂದು ನಿಂತಿಲ್ಲ. ರಕ್ತ ತೆಳುವಾಗಿರುವವರಿಗೆ ಈ ನಿದ್ರೆ ಬೇಗ ಬರುತ್ತದೆಂಬ ಅವರ ಊಹೆಯನ್ನು ಈಗ ಯಾರೂ ಒಪ್ಪುವುದಿಲ್ಲ. ಆದರೆ ಅವರು ಕಂಡ ಒಂದು ಸತ್ಯ ಮಾತ್ರ ಗಟ್ಟಿಯಾಗಿ ಉಳಿಯಿತು. ನಿದ್ರೆ ಬರಿಸುವವನಲ್ಲಿ ಯಾವ ಶಕ್ತಿಯೂ ಇಲ್ಲ, ದ್ರವವೂ ಇಲ್ಲ, ಮಂತ್ರವೂ ಇಲ್ಲ. ಆಗುವುದೆಲ್ಲ ಮಲಗುವವನ ಮನಸ್ಸಿನಲ್ಲಿಯೇ ಆಗುತ್ತದೆ ಎಂದು ಅವರು ಸಾರಿದರು. ತನ್ನಲ್ಲಿ ಮಹಾಶಕ್ತಿಯಿದೆ ಎಂದು ಹೇಳಿಕೊಂಡಿದ್ದರೆ ಜನ ಕಾಲಿಗೆ ಬೀಳುತ್ತಿದ್ದರು. ಶಕ್ತಿ ನನ್ನದಲ್ಲ, ನಿಮ್ಮದು ಎಂದದ್ದಕ್ಕೆ ಗೇಲಿ ಬಂತು. ನಾಟಕದ ನಟನೊಬ್ಬ ಅವರ ಸಭೆಗೆ ಬಂದು, ನಿದ್ರೆ ಬಂದವನಂತೆ ನಟಿಸಿ, ಕಣ್ಣು ತೆರೆದು ಎಲ್ಲರೆದುರು ಹಾಸ್ಯ ಮಾಡಿದನೆಂದು ಹೇಳುತ್ತಾರೆ. ಮಲಗಿದವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸಲಾಗದು ಎಂಬ ಮಾತು ನಮ್ಮಲ್ಲಿಯೂ ಇದೆಯಲ್ಲವೇ?

ಫರಿಯಾರ ಈ ಮಾತನ್ನು ನಮ್ಮ ಊರುಗಳಿಗೆ ತಂದು ನೋಡೋಣ. ನಮ್ಮ ಗಡಿಭಾಗದಲ್ಲಿ ಕನಸನ್ನು ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ರಾತ್ರಿ ಕನಸಿನಲ್ಲಿ ಬಂದ ಅಂಕಿಯನ್ನು ಬೆಳಿಗ್ಗೆ ಮಟಕಾಕ್ಕೆ ಹಚ್ಚಿ ಕಬ್ಬಿನ ಬಿಲ್ಲನ್ನು ಕಳೆದುಕೊಂಡ ಮನೆಗಳು ಎಷ್ಟಿಲ್ಲ! ಹೆಣ ಕಂಡರೆ ಒಂದು ಅಂಕಿ, ಮದುವೆ ಕಂಡರೆ ಇನ್ನೊಂದು ಅಂಕಿ ಎಂದು ಹೇಳಿಕೊಡುವವರಿದ್ದಾರೆ. ದೇವರು ಕನಸಿನಲ್ಲಿ ಬಂದು ನಿನ್ನಿಂದ ಇಷ್ಟು ಹಣ ಕೇಳಿದ್ದಾನೆ ಎಂದು ಹೆದರಿಸುವವರಿದ್ದಾರೆ. ಈಗ ಮೊಬೈಲಿನಲ್ಲಿ, ಇಷ್ಟು ದುಡ್ಡು ಕೊಡಿ, ಕನಸನ್ನು ಆಳುವ ವಿದ್ಯೆ ಕಲಿಸುತ್ತೇವೆ ಎನ್ನುವವರೂ ಹುಟ್ಟಿಕೊಂಡಿದ್ದಾರೆ. ಇವರೆಲ್ಲರಿಗೂ ಉತ್ತರ ಒಂದೇ. ಕನಸು ಕಂಡವನ ಮನಸ್ಸಿನ ಕೀಲಿಕೈ ಇನ್ನೊಬ್ಬರ ಸೊಂಟದಲ್ಲಿ ಇರುವುದಿಲ್ಲ. ಗುರುವೆಂದರೆ ಅರಿವು ಎಂದು ನಂಬಿದ ಸಮಾಜ ನಮ್ಮದು. ಗುರು ದಾರಿ ತೋರಿಸುತ್ತಾನೆ, ನಮ್ಮ ಬದಲು ತಾನು ನಡೆಯುವುದಿಲ್ಲ. ಮಠದವರಾದ ನಮಗೂ ಈ ಮಾತು ಅನ್ವಯಿಸುತ್ತದೆ. ಮಠದ ಹೆಸರಿನಲ್ಲಿ ಯಾರಾದರೂ ನಿಮ್ಮ ಕನಸಿಗೆ ಬೆಲೆ ಕಟ್ಟಿದರೆ ಅವರನ್ನೂ ನಂಬಬೇಡಿರಿ.

ಇನ್ನು ಹೊಣೆಯ ಪ್ರಶ್ನೆಗೆ ಬರೋಣ. ಕ್ರೈಸ್ತರ ಹಿರಿಯರಾದ ಸಂತ ಅಗಸ್ಟೀನರು 1600 ವರುಷಗಳ ಹಿಂದೆ ತಮ್ಮ ಆತ್ಮಕಥೆಯಲ್ಲಿ ಇದೇ ಚಿಂತೆಯನ್ನು ತೋಡಿಕೊಂಡಿದ್ದಾರೆ. ಎಚ್ಚರದಲ್ಲಿ ತಾವು ಬಿಟ್ಟ ಆಸೆಗಳು ನಿದ್ರೆಯಲ್ಲಿ ಬಂದು ಕಾಡುತ್ತವೆ, ಆಗ ನಾನು ನಾನಲ್ಲವೇ ಎಂದು ದೇವರನ್ನು ಕೇಳುತ್ತಾರೆ. ಎದ್ದಾಗ ಮನಸ್ಸು ಹಗುರಾಗುವುದರಿಂದ, ಅದು ತಾವು ಮಾಡಿದ್ದಲ್ಲ, ತಮ್ಮಲ್ಲಿ ಆದದ್ದು ಎಂದು ಸಮಾಧಾನ ಪಡುತ್ತಾರೆ. ಮಾಡಿದ್ದು ಬೇರೆ, ಆದದ್ದು ಬೇರೆ. ಈ ಭೇದವನ್ನು ನಾವು ಗಟ್ಟಿಯಾಗಿ ಹಿಡಿಯಬೇಕು. ಕನಸಿನಲ್ಲಿ ಮಗ ತೀರಿಕೊಂಡದ್ದನ್ನು ಕಂಡ ತಾಯಿ, ತನ್ನೊಳಗೇ ಏನೋ ಪಾಪವಿದೆಯೆಂದು ಕೊರಗಬೇಕಾಗಿಲ್ಲ. ಪರಸ್ತ್ರೀಯನ್ನು ಕಂಡ ಸಜ್ಜನನು ತಾನು ಕೆಟ್ಟೆನೆಂದು ತಿಳಿಯಬೇಕಾಗಿಲ್ಲ. ಮಳೆ ಬಂದಾಗ ಹೊಲದಲ್ಲಿ ಕಸವೂ ಹುಟ್ಟುತ್ತದೆ. ಕಸ ಹುಟ್ಟಿದ್ದಕ್ಕೆ ರೈತನಿಗೆ ದೋಷವಿಲ್ಲ, ಕಂಡೂ ಬಿಟ್ಟರೆ ದೋಷ.

ಹರಿಶ್ಚಂದ್ರನ ಕಥೆಯನ್ನು ಹಲವರು ಹಲವು ಬಗೆಯಲ್ಲಿ ಹೇಳಿದ್ದಾರೆ. ಒಂದು ಬಗೆಯಲ್ಲಿ, ಅವನು ಕನಸಿನಲ್ಲಿ ರಾಜ್ಯವನ್ನು ದಾನ ಕೊಟ್ಟು, ಎದ್ದ ಮೇಲೆ ಆ ಮಾತನ್ನು ನಡೆಸುತ್ತಾನೆ. ಹಾಗಾದರೆ ಕನಸಿನಲ್ಲಿ ಅಡತಿಯವನಿಗೆ ಒಪ್ಪಿದ ಧಾರಣೆಗೆ ನಾವು ಬೆಳಿಗ್ಗೆ ಮಾಲು ಕೊಡಬೇಕೇ? ಬೇಡ. ಹರಿಶ್ಚಂದ್ರನ ದೊಡ್ಡತನವಿರುವುದು ಕನಸಿನಲ್ಲಲ್ಲ. ಎದ್ದ ಮೇಲೆ, ಪೂರ್ಣ ಎಚ್ಚರದಲ್ಲಿ, ಕೊಡುತ್ತೇನೆ ಎಂದು ಅವನು ನಿರ್ಧರಿಸಿದನಲ್ಲ, ಅಲ್ಲಿದೆ. ಕನಸು ಕೇಳಿದ್ದನ್ನು ಅರಿವು ಒಪ್ಪಿತು. ಒಪ್ಪಿದ ಗಳಿಗೆಯಲ್ಲಿ ಅದು ಅವನ ಕರ್ಮವಾಯಿತು.

ಅಂದರೆ ಅರಿವು ಎಲ್ಲಿದೆಯೋ ಹೊಣೆ ಅಲ್ಲಿಂದ ಶುರುವಾಗುತ್ತದೆ. ಅರಿವು ಹಗಲಿನಲ್ಲಿ ಬಂದರೆ ಹಗಲಿನಲ್ಲಿ, ಕನಸಿನಲ್ಲಿ ಬಂದರೆ ಕನಸಿನಲ್ಲಿ. ಹೀಗಿರುವಾಗ ಅರಿವಿನ ಕನಸು ಬರೀ ಮೋಜಿನ ಸಂಗತಿಯಾಗಿ ಉಳಿಯುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಣ್ಣತಮ್ಮಂದಿರಿಗೆ ಹೊಲದ ಬದುವಿನ ಸಲುವಾಗಿ ಜಗಳ. ನಾಲ್ಕು ವರುಷದಿಂದ ಮಾತಿಲ್ಲ. ತಮ್ಮನಿಗೆ ಒಂದು ರಾತ್ರಿ ಕನಸಿನಲ್ಲಿ ಅಣ್ಣ ಅದೇ ಬದುವಿನ ಮೇಲೆ ನಿಂತದ್ದು ಕಾಣುತ್ತದೆ, ಇದು ಕನಸೆಂದೂ ತಿಳಿಯುತ್ತದೆ. ಕೈಯಲ್ಲಿ ಕೊಡಲಿ ಇದೆ. ಇಲ್ಲಿ ಪೊಲೀಸರಿಲ್ಲ, ಕೋರ್ಟಿಲ್ಲ, ರಕ್ತವೂ ನಿಜವಲ್ಲ. ಹೊಡೆದರೆ ಏನಾಗುತ್ತದೆ?

ಅಣ್ಣನಿಗೆ ಏನೂ ಆಗುವುದಿಲ್ಲ, ನಿಜ. ಮನಸ್ಸಿನ ಉರಿ ಅಲ್ಲಿಯೇ ಆರಿಹೋದರೆ ಒಳ್ಳೆಯದೇ ಆಯಿತಲ್ಲ ಎಂದೂ ಕೆಲವರು ವಾದಿಸಬಹುದು. ಆದರೆ ತಿಳಿದು ತಿಳಿದು ಎತ್ತಿದ ಕೈ ಯಾರದು? ಅಲ್ಲಿ ಗಾಯವಾಗದಿದ್ದರೂ ಕೈ ಪಳಗುತ್ತದೆ. ಅದೇ ತಮ್ಮನು ಕೊಡಲಿಯನ್ನು ಕೆಳಗಿಟ್ಟು, ಹಗಲಿನಲ್ಲಿ ಆಡಲಾಗದ ಒಂದು ಮಾತನ್ನು ಅಲ್ಲಿ ಅಣ್ಣನೊಂದಿಗೆ ಆಡಿದನೆಂದುಕೊಳ್ಳಿ. ಆಗ ನಾಲಗೆಯೂ ಪಳಗುತ್ತದೆ. ಬೆಳಿಗ್ಗೆ ಎದ್ದು ಅಣ್ಣನ ಮನೆಯ ಹೊಸ್ತಿಲು ತುಳಿಯುವುದು ಅಷ್ಟರಮಟ್ಟಿಗೆ ಸುಲಭವಾದೀತು. ಕನಸಿನಲ್ಲಿ ಆಡಿದ ಮಾತಿನಿಂದ ಬದುವಿನ ಜಗಳ ಹರಿಯುವುದಿಲ್ಲ, ಹೊಸ್ತಿಲನ್ನು ಕಾಲಿನಿಂದಲೇ ತುಳಿಯಬೇಕು. ಆದರೆ ಆರಿಸಿಕೊಳ್ಳುವ ಅಧಿಕಾರ ಸಿಕ್ಕ ಜಾಗದಲ್ಲಿ ಏನನ್ನು ಆರಿಸಿದೆವು ಎಂಬುದು ನಾವು ಯಾರೆಂಬುದನ್ನು ನಮಗೇ ತೋರಿಸಿಕೊಡುತ್ತದೆ.

ಇಲ್ಲಿ ಇನ್ನೊಂದು ಮಾತು. ಕನಸನ್ನು ಅರಿಯುವುದು ಬೇರೆ, ಆಳುವುದು ಬೇರೆ. ಅರಿವಿನ ಕನಸು ಬಂದವರಲ್ಲಿಯೂ ಎಲ್ಲರಿಗೂ ಅದರ ಮೇಲೆ ಹಿಡಿತ ಇರುವುದಿಲ್ಲ. ಹುಲಿಯನ್ನು ಹಸುವಾಗಿ ಮಾಡಬೇಕೆಂದರೆ ಹಲವು ಸಲ ಆಗುವುದಿಲ್ಲ. ಆದರೆ ಇದು ಕನಸಿನ ಹುಲಿ ಎಂದು ತಿಳಿದವನು ಓಡುವುದನ್ನು ನಿಲ್ಲಿಸಬಹುದು. ಅಷ್ಟೇ ಸಾಕು. ಮತ್ತೆ ಮತ್ತೆ ಬರುವ ಭಯಂಕರ ಕನಸುಗಳಿಂದ ನರಳುವ ಕೆಲವರಿಗೆ ಈ ತಿಳಿವಳಿಕೆಯಿಂದ ಉಪಕಾರವಾದದ್ದನ್ನು ವೈದ್ಯರೂ ಕಂಡಿದ್ದಾರೆ. ನಮ್ಮ ಅಕ್ಕಮಹಾದೇವಿ ತಾನು ಕಂಡ ಕನಸನ್ನು ಗೆಳತಿಗೆ ಹೇಳುವ ವಚನ ನಿಮ್ಮೆಲ್ಲರಿಗೂ ಗೊತ್ತು. ಆ ಕನಸಿಗೆ ಅಕ್ಕ ಒಡತಿಯಾಗಲು ಹೋಗುವುದಿಲ್ಲ. ಭಿಕ್ಷಕ್ಕೆ ಬಂದು ಮೀರಿ ಹೋಗುತ್ತಿದ್ದವನ ಬೆನ್ನು ಹತ್ತಿ ಕೈ ಹಿಡಿಯುತ್ತಾಳೆ, ಅವನು ಚೆನ್ನಮಲ್ಲಿಕಾರ್ಜುನನೆಂದು ಕಂಡೊಡನೆ ಕಣ್ಣು ತೆರೆಯುತ್ತಾಳೆ. ಆ ಕನಸು ಮುಗಿಯುವುದು ಎಚ್ಚರದಲ್ಲಿ. ಶರಣರಿಗೆ ಬೇಕಾದದ್ದು ಆ ಎಚ್ಚರವೇ ಹೊರತು ಕನಸಿನ ರಾಜ್ಯಭಾರವಲ್ಲ.

ಇದನ್ನು ಓದಿ ಕೆಲವು ತರುಣರಿಗೆ ಉತ್ಸಾಹ ಬರಬಹುದು. ಅವರಿಗೆ ಒಂದು ಎಚ್ಚರಿಕೆ. ಅರಿವಿನ ಕನಸು ಬೇಕೆಂದು ನಡುರಾತ್ರಿಯಲ್ಲಿ ಅಲಾರಂ ಇಟ್ಟು ಮತ್ತೆ ಮತ್ತೆ ನಿದ್ರೆ ಒಡೆಯುವ ಪದ್ಧತಿಗಳಿವೆ. ದುಡಿಯುವವರಿಗೆ ಅದು ಸಲ್ಲದು. ನಿದ್ದೆಗೆಟ್ಟರೆ ಬುದ್ಧಿಗೆಡುತ್ತದೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಚೋರ್ಲಾ ಘಟ್ಟದ ತಿರುವುಗಳಲ್ಲಿ ಬೆಳಗಿನ ಜಾವ ಗಾಡಿ ಇಳಿಸುವ ಚಾಲಕನಿಗೆ ಕಣ್ಣು ಮುಚ್ಚಿದ ಎರಡು ಸೆಕೆಂಡು ಸಾಕು, ಅವನ ಮನೆ ಹಾಳಾಗಲು. ಅವನಿಗೆ ಬೇಕಾದದ್ದು ಹೊಟ್ಟೆ ತುಂಬ ನಿದ್ರೆ. ಮಾಲು ತಡವಾದರೂ ಚಿಂತೆಯಿಲ್ಲ, ಮಲಗಿ ಹೋಗು ಎಂದು ಹೇಳುವುದು ಗಾಡಿಯ ಮಾಲಕರ ಧರ್ಮ. ಕನಸು ಮತ್ತು ನಿಜದ ಭೇದವೇ ತಿಳಿಯದಂತೆ ಆಗುತ್ತಿದ್ದರೆ, ಯಾರೂ ಇಲ್ಲದಲ್ಲಿ ದನಿಗಳು ಕೇಳುತ್ತಿದ್ದರೆ, ಸಾಲದ ಚಿಂತೆಯಿಂದ ನಿದ್ರೆಯೇ ಬಾರದೆ ಸಾಯುವ ವಿಚಾರ ಬರುತ್ತಿದ್ದರೆ, ಅದು ಸಾಧನೆಯೂ ಅಲ್ಲ, ದೆವ್ವದ ಕಾಟವೂ ಅಲ್ಲ. ತಡಮಾಡದೆ ಧಾರವಾಡದ ಡಿಮ್ಹಾನ್ಸ್‌ಗೆ, ಗೋವೆಯಲ್ಲಿದ್ದವರು ಬಾಂಬೋಳಿಯ ಮಾನಸಿಕ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ಹೋದಷ್ಟೇ ಸಹಜವಾಗಿ ಹೋಗಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ಹೊಸದೇನೂ ಬೇಕಾಗಿಲ್ಲ. ಇಷ್ಟಲಿಂಗವನ್ನು ಹಗಲಿರುಳು ಅಂಗದ ಮೇಲೆ ಧರಿಸಬೇಕೆಂಬ ನಿಯಮ ನಮಗೆ ಇದೆ. ರಾತ್ರಿ ಗೂಟಕ್ಕೆ ತೂಗುಹಾಕಿ ಮಲಗುವವರು ಈ ನಿಯಮದ ಅರ್ಥವನ್ನು ಒಮ್ಮೆ ವಿಚಾರ ಮಾಡಬೇಕು. ಲಿಂಗ ಅರಿವಿನ ಕುರುಹು. ಜಾಗ್ರ, ಸ್ವಪ್ನ, ಸುಷುಪ್ತಿ ಮೂರರಲ್ಲಿಯೂ ಅರಿವು ನಮ್ಮನ್ನು ಅಗಲಬಾರದು ಎಂಬ ಆಶಯಕ್ಕಾಗಿಯೇ ಅದು ಮಲಗಿದಾಗಲೂ ಎದೆಯ ಮೇಲಿರುತ್ತದೆ. ಮಲಗುವ ಮುನ್ನ ಐದು ನಿಮಿಷ ಅದನ್ನು ಅಂಗೈಯಲ್ಲಿ ಹಿಡಿದು ದಿನದ ಲೆಕ್ಕ ನೋಡಿಕೊಳ್ಳಿರಿ. ಯಾರಿಗೆ ಕಟುವಾಗಿ ಆಡಿದೆವು, ಯಾರ ಬಾಕಿ ಇಟ್ಟುಕೊಂಡೆವು, ಏನನ್ನು ಕಂಡೂ ಕಾಣದಂತೆ ಇದ್ದೆವು ಎಂದು ಕೇಳಿಕೊಳ್ಳಿರಿ. ಬೆಳಿಗ್ಗೆ ಎಚ್ಚರವಾದೊಡನೆ ಮೊಬೈಲಿಗೆ ಕೈಹಾಕದೆ ಒಂದು ಗಳಿಗೆ ಹಾಗೆಯೇ ಮಲಗಿ, ಕಂಡದ್ದನ್ನು ನೆನೆಯಿರಿ. ಕನಸಿನಲ್ಲಿ ಅರಿವು ಬಂದರೆ ಬರಲಿ, ಬಾರದಿದ್ದರೆ ನಷ್ಟವೇನೂ ಇಲ್ಲ.

ಏಕೆಂದರೆ ನಮ್ಮ ದೊಡ್ಡ ನಷ್ಟಗಳು ಆಗುವುದು ಕಣ್ಣು ತೆರೆದಿರುವಾಗ. ಓದದೆ ಜಾಮೀನಿನ ಕಾಗದಕ್ಕೆ ಸಹಿ ಹಾಕುವಾಗ ನಾವು ಎಚ್ಚರವಿರುತ್ತೇವೆಯೇ? ತಕ್ಕಡಿಯ ತಟ್ಟೆ ಒಂದು ಬೆರಳು ವಾಲಿದ್ದನ್ನು ಕಂಡೂ ಪುಡಿಕೆ ಕಟ್ಟುವಾಗ? ನೆರೆಯವನು ಮಾಡಿದನೆಂದು ನಾವೂ ಸಾಲ ಮಾಡಿ ಮದುವೆ ಮಾಡುವಾಗ? ಆಗ ನಮಗೆ ಅರಿವಿನ ಶಕ್ತಿ ಪೂರ್ಣವಾಗಿ ಇರುತ್ತದೆ, ಆದ್ದರಿಂದ ಹೊಣೆಯೂ ಪೂರ್ಣ. ನಿದ್ರೆಯಲ್ಲಿದ್ದೆ ಎಂಬ ನೆಪ ಅಲ್ಲಿ ನಡೆಯದು. ಮಲಗಿದವನು ಕನಸನ್ನು ಕನಸೆಂದು ತಿಳಿಯಬಲ್ಲನಾದರೆ, ಎದ್ದವನು ತಪ್ಪನ್ನು ತಪ್ಪೆಂದು ತಿಳಿಯಲಾರನೇ? ಇಂದಿನ ರಾತ್ರಿ ಮಲಗುವ ಮುನ್ನ ಇದೊಂದನ್ನು ವಿಚಾರ ಮಾಡಿರಿ.